ಕ್ರೂಸ್ ಹಡಗಿನ ರೇಟಿಂಗ್: ಪರಿಣತರ ಅಂಕವನ್ನೂ ಪ್ರಯಾಣಿಕರ ಸ್ಟಾರನ್ನೂ ಓದುವ ಬಗೆ

ಕ್ರೂಸ್ ಪ್ರಯಾಣಕ್ಕೆ ಹಣ ಕಟ್ಟುವ ಮುನ್ನ ಒಂದೇ ಹಡಗಿನ ಎರಡು ರೇಟಿಂಗ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಗೊಂದಲವಾಗುವುದು ಸಹಜ. ಪರಿಣತರು ಐದಕ್ಕೆ ಮೂರೂವರೆ ಕೊಟ್ಟ ಹಡಗಿಗೆ ಪ್ರಯಾಣಿಕರು ನಾಲ್ಕೂವರೆ ಕೊಟ್ಟಿರುತ್ತಾರೆ. ಪರಿಣತರು ಮನತುಂಬಿ ಹೊಗಳಿದ ಹೊಸ ಹಡಗಿನ ಕೆಳಗೆ ಪ್ರಯಾಣಿಕರ ದೂರುಗಳು ಸಾಲುಗಟ್ಟಿರುತ್ತವೆ. ಹೆಚ್ಚಿನವರು ಆಗ ಒಂದನ್ನು ನಂಬಿ ಇನ್ನೊಂದನ್ನು ಬದಿಗಿಡುತ್ತಾರೆ, ಇಲ್ಲವೇ ಎರಡನ್ನೂ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಎರಡೂ ತಪ್ಪು ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪರಿಣತರು ಒಂದು ಹಡಗನ್ನು ತಾವು ಕಂಡ ಇತರ ಹಡಗುಗಳೊಂದಿಗೆ ಹೋಲಿಸಿ ಅಂಕ ಕೊಡುತ್ತಾರೆ. ಪ್ರಯಾಣಿಕರು ತಮಗೆ ಸಿಕ್ಕಿದ್ದನ್ನು ತಾವು ನಿರೀಕ್ಷಿಸಿದ್ದರೊಂದಿಗೆ ಹೋಲಿಸಿ ಅಂಕ ಕೊಡುತ್ತಾರೆ. ಅಳತೆಗೋಲೇ ಬೇರೆಯಾಗಿರುವಾಗ ಎರಡು ಅಂಕೆಗಳನ್ನು ಕೂಡಿಸುವುದರಲ್ಲಿ ಅರ್ಥವಿಲ್ಲ. ಆದರೆ ಅವುಗಳ ನಡುವಿನ ಅಂತರ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ, ಆ ಹಡಗು ನಿಮಗೆ ಹೊಂದುತ್ತದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಆ ಹುಡುಕಾಟವನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹೆಜ್ಜೆ 1: ಅಂಕ ಕೊಟ್ಟವರು ಯಾರೆಂದು ಮೊದಲು ತಿಳಿಯಿರಿ

ಇದು ಸುಲಭವೆನಿಸಿದರೂ ಓದುಗರು ಮೊದಲು ಎಡವುವುದು ಇಲ್ಲಿಯೇ. ಪತ್ರಿಕೆಯ ಹೆಸರು ದೊಡ್ಡದಾಗಿದ್ದ ಮಾತ್ರಕ್ಕೆ ಅದರ ಪಟ್ಟಿಯನ್ನು ಪರಿಣತರು ತಯಾರಿಸಿದ್ದಾರೆ ಎಂದುಕೊಳ್ಳುವಂತಿಲ್ಲ. ಕಾಂಡೆ ನಾಸ್ಟ್ ಟ್ರಾವೆಲರ್ ಪತ್ರಿಕೆಯ ರೀಡರ್ಸ್ ಚಾಯ್ಸ್ ಪ್ರಶಸ್ತಿಗಳೂ ಟ್ರಾವೆಲ್ ಆ್ಯಂಡ್ ಲೀಷರ್ ಪತ್ರಿಕೆಯ ವರ್ಲ್ಡ್ಸ್ ಬೆಸ್ಟ್ ಪ್ರಶಸ್ತಿಗಳೂ ಓದುಗರ ಮತದಿಂದ ನಿರ್ಧಾರವಾಗುತ್ತವೆ. ಎಂದರೆ ಅವು ಪ್ರಯಾಣಿಕರ ಅಭಿಪ್ರಾಯದ ಕಡೆಗೆ ಸೇರಬೇಕಾದವು. ಅದೂ ಆ ಪತ್ರಿಕೆಗಳನ್ನು ಓದುವ ವರ್ಗದ ಅಭಿಪ್ರಾಯ ಎಂಬುದನ್ನು ಮರೆಯಬಾರದು.

1995ರಲ್ಲಿ ಆರಂಭವಾಗಿ 2007ರಲ್ಲಿ ಟ್ರಿಪ್‌ಅಡ್ವೈಸರ್ ಬಳಗಕ್ಕೆ ಸೇರಿದ ಕ್ರೂಸ್ ಕ್ರಿಟಿಕ್ ಜಾಲತಾಣದಲ್ಲಿ ಎರಡೂ ಬಗೆಯ ಅಂಕಗಳಿವೆ. ಸಂಪಾದಕರು ಬರೆದ ವಿಮರ್ಶೆ ಒಂದು ಕಡೆ, ಸದಸ್ಯರು ಬರೆದ ವಿಮರ್ಶೆಗಳು ಇನ್ನೊಂದು ಕಡೆ. ಅಲ್ಲಿನ ಪ್ರಶಸ್ತಿಗಳೂ ಹಾಗೆಯೇ ಇಬ್ಭಾಗವಾಗಿವೆ: ಎಡಿಟರ್ಸ್ ಪಿಕ್ಸ್ ಸಂಪಾದಕರದು, ಕ್ರೂಸರ್ಸ್ ಚಾಯ್ಸ್ ಪ್ರಯಾಣಿಕರದು. ಕಂಪನಿಯ ಜಾಹೀರಾತಿನಲ್ಲಿ ಪ್ರಶಸ್ತಿಯ ಮುದ್ರೆ ಕಂಡಾಗ ಅದು ಇವೆರಡರಲ್ಲಿ ಯಾವುದು ಎಂದು ನೋಡಿಕೊಳ್ಳಬೇಕು. ಅಮೆರಿಕದ ಮಾಧ್ಯಮ ಸಂಸ್ಥೆ ಯು.ಎಸ್. ನ್ಯೂಸ್ ಪ್ರಕಟಿಸುವ ಕ್ರೂಸ್ ಶ್ರೇಯಾಂಕದಂಥವು ಪರಿಣತರ ಅಂಕವನ್ನೂ ಪ್ರಯಾಣಿಕರ ಅಂಕವನ್ನೂ ಒಂದುಗೂಡಿಸಿ ಒಂದೇ ಸಂಖ್ಯೆ ಕೊಡುತ್ತವೆ. ಸರಾಸರಿ ಬೇಡ ಎಂದು ಮೇಲೆ ಹೇಳಿದ ಕಾರಣಕ್ಕೇ, ಇಂಥ ಪಟ್ಟಿಯನ್ನು ಆಯ್ಕೆಯ ಆರಂಭಕ್ಕೆ ಬಳಸಬಹುದು, ಅದರ ಮೇಲೆ ತೀರ್ಮಾನಕ್ಕೆ ಬರಬಾರದು.

ಶುದ್ಧ ಪರಿಣತ ಅಂಕಕ್ಕೆ ಒಳ್ಳೆಯ ಉದಾಹರಣೆ ಬೇಕೆಂದರೆ, ಡಗ್ಲಸ್ ವಾರ್ಡ್ ಅವರು 1985ರಿಂದ ಹಲವು ದಶಕಗಳ ಕಾಲ ಬರೆದ ಬರ್ಲಿಟ್ಜ್ ಕ್ರೂಸ್ ಮಾರ್ಗದರ್ಶಿಯನ್ನು ನೆನೆಯಬೇಕು. ಅದರಲ್ಲಿ ಪ್ರತಿ ಹಡಗಿಗೂ ಒಟ್ಟು 2000ಕ್ಕೆ ಅಂಕ. ಹಡಗಿನ ಸ್ಥಿತಿ, ವಸತಿ, ಊಟ, ಸೇವೆ, ಮನರಂಜನೆ ಎಂದು ಬಿಡಿಬಿಡಿಯಾಗಿ ಅಂಕ ಕೊಟ್ಟು ಕೊನೆಗೆ ಮೊತ್ತ ಹಾಕುವ ಕ್ರಮ ಅದು. ಒಬ್ಬ ಪ್ರಯಾಣಿಕ ಎಂದೂ ಹೀಗೆ ಅಂಕ ಕೊಡುವುದಿಲ್ಲ. ಅವನು ಇಡೀ ಪ್ರವಾಸದ ನೆನಪನ್ನು ಒಂದೇ ಸ್ಟಾರ್ ಸಂಖ್ಯೆಗೆ ಇಳಿಸುತ್ತಾನೆ.

ಹೆಜ್ಜೆ 2: ಪರಿಣತರ ವಿಮರ್ಶೆಯಿಂದ ಅಳೆಯಬಹುದಾದುದನ್ನು ತೆಗೆದುಕೊಳ್ಳಿ

ಪರಿಣತರ ಬಲವಿರುವುದು ಹೋಲಿಕೆಯಲ್ಲಿ. ವರ್ಷಕ್ಕೆ ಹತ್ತಾರು ಹಡಗು ಹತ್ತುವವರಿಗೆ ಬಾತ್‌ರೂಮು ಸಣ್ಣದೋ ದೊಡ್ಡದೋ, ಊಟದ ಮನೆಯ ಮೇಜುಗಳ ನಡುವೆ ಅಂತರ ಎಷ್ಟು, ಹೆಚ್ಚುವರಿ ಹಣ ಕೊಡದೆ ಊಟ ಮಾಡಬಹುದಾದ ಜಾಗಗಳೆಷ್ಟು ಎಂಬುದೆಲ್ಲ ಒಂದು ನೋಟಕ್ಕೇ ತಿಳಿಯುತ್ತದೆ. ಮೊದಲ ಬಾರಿಗೆ ಹಡಗು ಹತ್ತಿದ ಪ್ರಯಾಣಿಕರಿಗೆ ಇದನ್ನು ಹೇಳಲು ಆಧಾರವಿರುವುದಿಲ್ಲ. ಆದ್ದರಿಂದ ಪರಿಣತರ ಬರಹದಲ್ಲಿ ಮೆಚ್ಚುಗೆಯ ವಿಶೇಷಣಗಳನ್ನು ದಾಟಿ ಅಂಕೆಸಂಖ್ಯೆಗಳನ್ನೂ ಹೋಲಿಕೆಗಳನ್ನೂ ಆಯ್ದು ಬರೆದಿಟ್ಟುಕೊಳ್ಳಿ.

ಅವುಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ತಲಾ ಜಾಗದ ಲೆಕ್ಕವನ್ನು. ಹಡಗಿನ ಒಟ್ಟು ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಟನ್ನೇಜ್ ಎಂದರೆ ಇಲ್ಲಿ ತೂಕವೆಂದು ತಿಳಿಯಬಾರದು, ಅದು ಹಡಗಿನ ಒಳಗಿನ ಜಾಗವನ್ನು ಸೂಚಿಸುವ ಅಳತೆ. 2024ರ ಜನವರಿಯಲ್ಲಿ ಯಾನ ಆರಂಭಿಸಿದ ರಾಯಲ್ ಕೆರಿಬಿಯನ್ ಕಂಪನಿಯ ಐಕಾನ್ ಆಫ್ ದಿ ಸೀಸ್ ಹಡಗಿನ ಟನ್ನೇಜ್ 2,48,663. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೆ ಪ್ರಯಾಣಿಕರು 5,610. ಭಾಗಿಸಿದರೆ ಸುಮಾರು 44 ಬರುತ್ತದೆ. ಸಿಲ್ವರ್‌ಸೀ ಕಂಪನಿಯ ಸಿಲ್ವರ್ ನೋವಾ ಹಡಗಿನ ಟನ್ನೇಜ್ 54,700, ಪ್ರಯಾಣಿಕರು 728. ಅಲ್ಲಿ ಸಂಖ್ಯೆ 75 ಮುಟ್ಟುತ್ತದೆ. ಗಾತ್ರದಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚಿರುವ ಹಡಗಿನಲ್ಲಿ ಒಬ್ಬೊಬ್ಬರಿಗೆ ಸಿಗುವ ಜಾಗ ಕಡಿಮೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಲೆಕ್ಕದೊಳಗೆ ಇನ್ನೊಂದು ಸೂಕ್ಷ್ಮವಿದೆ. ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ ಮೂರನೆಯ, ನಾಲ್ಕನೆಯ ಹಾಸಿಗೆಗಳೂ ತುಂಬಿದರೆ ಸುಮಾರು 7,600 ಜನ ಹಿಡಿಸುತ್ತಾರೆ. ಅಂಥ ಯಾನದಲ್ಲಿ 44 ಇದ್ದ ಸಂಖ್ಯೆ 33ರ ಆಸುಪಾಸಿಗೆ ಇಳಿಯುತ್ತದೆ. ಶಾಲೆಗಳಿಗೆ ರಜೆ ಇರುವ ವಾರಗಳಲ್ಲಿ ಕುಟುಂಬಗಳು ಮಕ್ಕಳೊಂದಿಗೆ ಬಂದು ಹಡಗು ತುಂಬುವುದರಿಂದ, ಬಿಡುವಿನ ದಿನಗಳಲ್ಲಿ ಹೋಗಿಬಂದ ಪರಿಣತರು ‘ಎಲ್ಲಿಯೂ ನೂಕುನುಗ್ಗಲು ಕಾಣಲಿಲ್ಲ’ ಎಂದು ಬರೆದ ಹಡಗಿನಲ್ಲೇ ಪ್ರಯಾಣಿಕರು ‘ಈಜುಕೊಳದ ಬಳಿ ಕುಳಿತುಕೊಳ್ಳಲು ಕುರ್ಚಿ ಸಿಗಲಿಲ್ಲ’ ಎಂದು ಬರೆಯುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ಹೆಜ್ಜೆ 3: ಪರಿಣತರಿಗೆ ಕಾಣದೆ ಹೋಗುವುದನ್ನು ಗುರುತು ಹಾಕಿಕೊಳ್ಳಿ

ಹೊಸ ಹಡಗು ನಿರ್ಮಾಣ ಮುಗಿದು ಹೊರಬಂದ ಮೇಲೆ, ಹಣ ಕೊಟ್ಟ ಪ್ರಯಾಣಿಕರು ಹತ್ತುವ ಮುನ್ನ, ಪತ್ರಕರ್ತರಿಗೂ ಟ್ರಾವೆಲ್ ಏಜೆಂಟರಿಗೂ ಎರಡು ಮೂರು ದಿನದ ಆಹ್ವಾನಿತ ಯಾನ ಏರ್ಪಡಿಸುವುದು ಈ ಉದ್ಯಮದ ರೂಢಿ. ಹೊಸ ಹಡಗಿನ ಬಗ್ಗೆ ಮೊದಲು ಬರುವ ಬರಹಗಳಲ್ಲಿ ಬಹಳಷ್ಟು ಹುಟ್ಟುವುದು ಇಂಥ ಯಾನಗಳಿಂದ. ಆಗ ಹಡಗು ತುಂಬಿರುವುದಿಲ್ಲ, ಸಿಬ್ಬಂದಿಯ ಗಮನವೆಲ್ಲ ಅತಿಥಿಗಳ ಮೇಲಿರುತ್ತದೆ, ಕೊನೆಯ ದಿನ ಕೈಗೆ ಬರುವ ಬಿಲ್ ಇರುವುದಿಲ್ಲ. ದಿನದ ಲೆಕ್ಕದಲ್ಲಿ ತಾನಾಗಿ ಸೇರುವ ಟಿಪ್ಸ್, ಪಾನೀಯಗಳ ಪ್ಯಾಕೇಜ್, ವೈಫೈ, ವಿಶೇಷ ರೆಸ್ಟೋರೆಂಟ್‌ಗಳ ಶುಲ್ಕ ಇವೆಲ್ಲ ಸಾಮಾನ್ಯ ಪ್ರಯಾಣಿಕರ ಅಸಮಾಧಾನಕ್ಕೆ ದೊಡ್ಡ ಕಾರಣಗಳು. ಆಹ್ವಾನಿತರಿಗೆ ಅವುಗಳ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಇದನ್ನು ಹೇಳುವಾಗ ಪರಿಣತರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಕಂಪನಿಯ ಆತಿಥ್ಯದಲ್ಲಿ ಹೋಗಿಯೂ ನೇರವಾಗಿ ಬರೆದವರನ್ನು ಓದಿದ್ದೇನೆ. ಒಬ್ಬರು ಎಷ್ಟೇ ನೇರವಾಗಿ ಬರೆದರೂ ತಾವು ಅನುಭವಿಸದೆ ಇದ್ದುದನ್ನು ಬರೆಯಲಾರರು ಎಂಬುದಷ್ಟೇ ನನ್ನ ಮಾತು. ಬರಹದ ಆರಂಭದಲ್ಲೋ ಕೊನೆಯಲ್ಲೋ ‘ಕಂಪನಿಯ ಅತಿಥಿಯಾಗಿ’ ಎಂಬ ಟಿಪ್ಪಣಿ ಇದೆಯೇ ಎಂದು ನೋಡಿ. ಕಂಪನಿಯೊಂದಿಗೆ ಇರುವ ಇಂಥ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿಗಳು ಹೇಳುತ್ತವೆ.

ಯಾವ ಕ್ಯಾಬಿನ್‌ನಲ್ಲಿ ಇದ್ದರು ಎಂಬುದೂ ಅಷ್ಟೇ ಮುಖ್ಯ. ಎಂಎಸ್‌ಸಿ ಕಂಪನಿಯ ಹಡಗುಗಳಲ್ಲಿ ಯಾಟ್ ಕ್ಲಬ್, ನಾರ್ವೇಜಿಯನ್ ಕಂಪನಿಯ ಹಡಗುಗಳಲ್ಲಿ ಹೇವನ್, ಕ್ಯುನಾರ್ಡ್ ಕಂಪನಿಯ ಹಡಗುಗಳಲ್ಲಿ ಗ್ರಿಲ್ಸ್ ಎಂಬ ವಿಭಾಗಗಳಿವೆ. ಅಲ್ಲಿ ತಂಗಿದವರಿಗೆ ಪ್ರತ್ಯೇಕ ಊಟದ ಮನೆ, ಪ್ರತ್ಯೇಕ ವಿಶ್ರಾಂತಿ ಜಾಗ. ಹಡಗಿನೊಳಗೆ ಇನ್ನೊಂದು ಹಡಗು ಎನ್ನುವಷ್ಟು ಅವು ಬೇರೆ. ಅಲ್ಲಿಂದ ಬಂದ ಹೊಗಳಿಕೆ ಕೆಳಗಿನ ಡೆಕ್ಕಿನ ಕಿಟಕಿಯಿಲ್ಲದ ಕ್ಯಾಬಿನ್ ಕಾಯ್ದಿರಿಸುವವರಿಗೆ ಹೊಂದುವುದಿಲ್ಲ. ಪರಿಣತರ ಬರಹಕ್ಕೂ ಪ್ರಯಾಣಿಕರ ಬರಹಕ್ಕೂ ಈ ಎಚ್ಚರ ಒಂದೇ ರೀತಿ ಅನ್ವಯಿಸುತ್ತದೆ.

ಹೆಜ್ಜೆ 4: ಪ್ರಯಾಣಿಕರ ಸ್ಟಾರಿನ ಹಿಂದಿನ ನಿರೀಕ್ಷೆಯನ್ನು ಹುಡುಕಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಪ್ರಯಾಣಿಕರ ವಿಮರ್ಶೆಗಳನ್ನು ನಾವು ತಪ್ಪಾಗಿ ಓದುವುದು ಇಲ್ಲೇ. ಗ್ರಾಹಕರ ತೃಪ್ತಿ ಎಂಬುದು ಅವರಿಗೆ ದೊರೆತ ಗುಣಮಟ್ಟಕ್ಕೂ ಅವರು ಮೊದಲೇ ಇಟ್ಟುಕೊಂಡ ನಿರೀಕ್ಷೆಗೂ ಇರುವ ಅಂತರದಿಂದ ಹುಟ್ಟುತ್ತದೆ ಎಂಬ ವಿವರಣೆಯನ್ನು ಗ್ರಾಹಕರ ವರ್ತನೆಯ ಸಂಶೋಧಕ ರಿಚರ್ಡ್ ಆಲಿವರ್ 1980ರಲ್ಲಿ ಮಂಡಿಸಿದರು. ಕ್ರೂಸ್ ರೇಟಿಂಗ್‌ಗಳನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಉಪಯುಕ್ತವಾದ ವಿಚಾರ ನನಗೆ ಸಿಕ್ಕಿಲ್ಲ. ಕಡಿಮೆ ದರದ ಹಳೆಯ ಹಡಗು ಹತ್ತಿದವರು ಬಹಳ ಆಸೆ ಇಟ್ಟುಕೊಂಡಿರುವುದಿಲ್ಲ. ಊಟ ಬಿಸಿಯಾಗಿ ಬಂದು ಸಿಬ್ಬಂದಿ ನಗುನಗುತ್ತ ಮಾತನಾಡಿಸಿದರೆ ಐದು ಸ್ಟಾರ್ ಕೊಟ್ಟು ಇಳಿಯುತ್ತಾರೆ. ಅದರ ಹತ್ತು ಪಟ್ಟು ಹಣ ಕೊಟ್ಟು ಐಷಾರಾಮಿ ಹಡಗು ಹತ್ತಿದವರು ಕಾಫಿ ಬರಲು ಹತ್ತು ನಿಮಿಷ ತಡವಾದುದಕ್ಕೆ ಒಂದು ಸ್ಟಾರ್ ಕಡಿತಗೊಳಿಸುತ್ತಾರೆ. ಈ ಎರಡು ಹಡಗುಗಳ ಸ್ಟಾರುಗಳನ್ನು ಹೋಲಿಸಿ ಮೊದಲನೆಯದೇ ಒಳ್ಳೆಯ ಹಡಗು ಎಂದರೆ ಅದು ದೊಡ್ಡ ಪ್ರಮಾದ. ಪ್ರಯಾಣಿಕರ ಸ್ಟಾರನ್ನು ಒಂದೇ ದರದ, ಒಂದೇ ಬಗೆಯ ಹಡಗುಗಳ ನಡುವೆ ಮಾತ್ರ ಹೋಲಿಸಿ.

ಇನ್ನು, ಬರೆಯುವವರು ಯಾರು ಎಂಬ ಪ್ರಶ್ನೆ. ಸಾಧಾರಣವಾಗಿ ಸಂತೋಷಪಟ್ಟು ಮನೆಗೆ ಮರಳಿದವರು ಬರೆಯುವ ಗೋಜಿಗೆ ಹೋಗುವುದಿಲ್ಲ. ತುಂಬ ಖುಷಿಯಾದವರೂ ತುಂಬ ನೊಂದವರೂ ಬರೆಯುತ್ತಾರೆ. ಹೀಗಾಗಿಯೇ ಆನ್‌ಲೈನ್ ರೇಟಿಂಗ್‌ಗಳಲ್ಲಿ ಐದು ಸ್ಟಾರಿನ ರಾಶಿ ದೊಡ್ಡದು, ಒಂದು ಸ್ಟಾರಿನ ರಾಶಿ ಅದಕ್ಕಿಂತ ಚಿಕ್ಕದು, ನಡುವೆ ತಗ್ಗು. ಇದರ ಜೊತೆಗೆ, ಅದೇ ಕಂಪನಿಯಲ್ಲಿ ಹತ್ತಾರು ಯಾನ ಮಾಡಿ ಸದಸ್ಯತ್ವದ ಮೇಲಿನ ದರ್ಜೆಗೆ ಏರಿದವರಿದ್ದಾರೆ. ಇವರಿಗೆ ಆದ್ಯತೆಯ ಸಾಲು, ಉಚಿತ ಪಾನೀಯಗಳಂಥ ಸೌಲಭ್ಯಗಳು ದೊರೆಯುತ್ತವೆ. ಕಂಪನಿಯ ಮೇಲೆ ಅಭಿಮಾನವೂ ಇರುತ್ತದೆ, ‘ಮೊದಲಿನ ಹಾಗಿಲ್ಲ’ ಎಂಬ ಕೊರಗೂ ಇರುತ್ತದೆ. ಆದರೂ ಇವರ ಬರಹದಲ್ಲಿ ಒಂದು ಬೆಲೆಬಾಳುವ ಅಂಶವಿದೆ: ಐದು ವರ್ಷಗಳಲ್ಲಿ ಊಟದ ತಟ್ಟೆಯಲ್ಲಿ ಏನು ಕಡಿಮೆಯಾಯಿತು, ಕ್ಯಾಬಿನ್ ಸ್ವಚ್ಛಮಾಡುವುದು ದಿನಕ್ಕೆ ಎರಡು ಬಾರಿಯಿಂದ ಒಂದಕ್ಕೆ ಯಾವಾಗ ಇಳಿಯಿತು ಎಂಬುದನ್ನು ಪರಿಣತರಿಗಿಂತ ಮೊದಲು ಹೇಳುವವರು ಇವರೇ.

ಕೊನೆಯ ದಿನದ ಪ್ರಭಾವವನ್ನೂ ಗಮನಿಸಬೇಕು. ಒಂದು ಅನುಭವವನ್ನು ನೆನೆಯುವಾಗ ಮನಸ್ಸು ಅದರ ತೀವ್ರ ಕ್ಷಣಕ್ಕೂ ಅದು ಮುಗಿದ ಬಗೆಗೂ ಹೆಚ್ಚು ಮಹತ್ವ ಕೊಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ತೋರಿಸಿಕೊಟ್ಟರು. ಕ್ರೂಸ್ ಪ್ರವಾಸ ಮುಗಿಯುವುದು ಬೆಳಗಿನ ಜಾವದ ಲಗೇಜು, ಇಳಿಯುವ ಸಾಲು, ಬಿಲ್ಲಿನ ತಕರಾರುಗಳೊಂದಿಗೆ. ಆರು ದಿನ ಚೆನ್ನಾಗಿದ್ದ ಯಾನಕ್ಕೆ ಎರಡು ಸ್ಟಾರ್ ಬಿದ್ದಿದ್ದರೆ, ಆ ವಿಮರ್ಶೆಯ ಕೊನೆಯ ಪ್ಯಾರಾ ಓದಿ; ಕಾರಣ ಬಹುಮಟ್ಟಿಗೆ ಅಲ್ಲಿರುತ್ತದೆ.

ಹವಾಮಾನ ಕೆಟ್ಟು ಬಂದರೊಂದು ತಪ್ಪಿಹೋದುದಕ್ಕೆ ಕೊಟ್ಟ ಒಂದು ಸ್ಟಾರನ್ನು ಲೆಕ್ಕದಿಂದ ತೆಗೆದುಬಿಡಿ. ಮಾರ್ಗ ಬದಲಿಸುವ ಅಧಿಕಾರವನ್ನು ಕಂಪನಿಗಳು ಟಿಕೆಟ್ಟಿನ ಕರಾರಿನಲ್ಲೇ ಕಾಯ್ದಿರಿಸಿಕೊಂಡಿರುತ್ತವೆ. ಆದರೆ ಬದಲಾವಣೆಯನ್ನು ಪ್ರಯಾಣಿಕರಿಗೆ ಯಾವಾಗ, ಹೇಗೆ ತಿಳಿಸಿದರು ಎಂಬ ದೂರು ಇದ್ದರೆ ಅದನ್ನು ಉಳಿಸಿಕೊಳ್ಳಿ, ಅದು ಕಂಪನಿಯ ನಡವಳಿಕೆಗೆ ಸಂಬಂಧಿಸಿದ್ದು.

ಹೆಜ್ಜೆ 5: ಕಂಪನಿಯ ಅಂಕವನ್ನು ಬಿಟ್ಟು ಹಡಗಿನ ಅಂಕಕ್ಕೆ ಬನ್ನಿ

ಒಂದು ಕಂಪನಿಗೆ ಒಂದೇ ರೇಟಿಂಗ್ ಎಂಬುದು ಅನುಕೂಲಕ್ಕೆ ಮಾಡಿಕೊಂಡ ಮಾತು. ಕಾರ್ನಿವಲ್ ಕಂಪನಿಯ ಎಲೇಷನ್ ಹಡಗು 1998ರದು, ಸುಮಾರು 70,000 ಟನ್ನೇಜಿನದು. ಅದೇ ಕಂಪನಿಯ ಮಾರ್ಡಿ ಗ್ರಾ 2021ರಲ್ಲಿ ಯಾನ ಆರಂಭಿಸಿದ್ದು, 1,80,000 ಟನ್ನೇಜಿಗೂ ಹೆಚ್ಚಿನದು, ಡೆಕ್ಕಿನ ಮೇಲೆ ರೋಲರ್ ಕೋಸ್ಟರ್ ಇರುವಂಥದು. ಇವೆರಡನ್ನೂ ಒಂದೇ ಸಂಖ್ಯೆಯಲ್ಲಿ ಹೇಳಲು ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ ವೈಕಿಂಗ್ ಕಂಪನಿಯ ಸಾಗರ ಹಡಗುಗಳು 2015ರ ವೈಕಿಂಗ್ ಸ್ಟಾರ್ ಮೊದಲುಗೊಂಡು ಬಹುತೇಕ ಒಂದೇ ಅಚ್ಚಿನವು. 18 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಕ್ಯಾಸಿನೋ ಇಲ್ಲ. ಬಯಸಿ ಬಂದವರು ಮಾತ್ರ ಹತ್ತುವುದರಿಂದ ಅಲ್ಲಿ ನಿರೀಕ್ಷೆಗೂ ಸಿಗುವುದಕ್ಕೂ ಅಂತರ ಕಡಿಮೆ. ಇಂಥ ಕಡೆ ಕಂಪನಿಯ ರೇಟಿಂಗನ್ನೇ ಹಡಗಿನ ರೇಟಿಂಗ್ ಎಂದುಕೊಂಡರೂ ಹೆಚ್ಚು ತಪ್ಪಾಗುವುದಿಲ್ಲ.

ದಿನಾಂಕ ನೋಡುವುದನ್ನು ಮರೆಯಬೇಡಿ. 2020ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಕ್ರೂಸ್ ನಿಂತು, ಮತ್ತೆ ಆರಂಭವಾದಾಗ ಸಿಬ್ಬಂದಿ, ಊಟದ ವ್ಯವಸ್ಥೆ, ದರಗಳು ಎಲ್ಲವೂ ಬದಲಾಗಿದ್ದವು. ಅದಕ್ಕೂ ಹಿಂದಿನ ಸಾವಿರಾರು ವಿಮರ್ಶೆಗಳು ಇಂದಿಗೂ ಸರಾಸರಿಯಲ್ಲಿ ಸೇರಿಕೊಂಡಿರಬಹುದು. ಹಡಗುಗಳು ಕೆಲವು ವರ್ಷಗಳಿಗೊಮ್ಮೆ ಡ್ರೈ ಡಾಕ್‌ಗೆ, ಎಂದರೆ ನೀರು ಖಾಲಿ ಮಾಡಿದ ದುರಸ್ತಿ ಕಟ್ಟೆಗೆ, ಹೋಗಿ ದುರಸ್ತಿಯಾಗಿ ಬರುತ್ತವೆ. ಆ ದಿನಾಂಕಕ್ಕಿಂತ ಹಿಂದಿನ ‘ಕಾರ್ಪೆಟ್ ಹರಿದಿದೆ’ ಎಂಬ ದೂರಿಗೆ ಈಗ ಬೆಲೆಯಿಲ್ಲ. ಪರಿಣತರ ಬರಹಕ್ಕೂ ಇದೇ ಮಾತು: ಹಡಗು ಹೊಸದಾಗಿದ್ದಾಗ ಬರೆದ ವಿಮರ್ಶೆ ಹತ್ತು ವರ್ಷವಾದರೂ ಪುಟದ ಮೇಲ್ಭಾಗದಲ್ಲೇ ಕುಳಿತಿರುವುದುಂಟು.

ಹೆಜ್ಜೆ 6: ಇಪ್ಪತ್ತು ವಿಮರ್ಶೆಗಳನ್ನು ಜರಡಿ ಹಿಡಿಯಿರಿ

ಹಡಗನ್ನು ಆಯ್ದ ಮೇಲೆ, ನೀವು ಹೋಗಬೇಕೆಂದಿರುವ ಋತು, ಮಾರ್ಗ, ಕ್ಯಾಬಿನ್ ಬಗೆ ಇವುಗಳಿಗೆ ಹತ್ತಿರವಾದ, ಕಳೆದ ಒಂದು ವರ್ಷದೊಳಗಿನ ಇಪ್ಪತ್ತು ವಿಮರ್ಶೆಗಳನ್ನು ಓದಿ. ಆರಂಭವನ್ನು ಮೂರು ಸ್ಟಾರಿನವುಗಳಿಂದ ಮಾಡಿ, ಏಕೆಂದರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಹೇಳುವ ತಾಳ್ಮೆ ಇರುವವರು ಹೆಚ್ಚಾಗಿ ಅಲ್ಲಿ ಸಿಗುತ್ತಾರೆ. ಓದುತ್ತ ಒಂದು ಹಾಳೆಯಲ್ಲಿ ದೂರುಗಳನ್ನಷ್ಟೇ ಬರೆದುಕೊಂಡು ಎಷ್ಟು ಸಲ ಬಂತೆಂದು ಗೀಟು ಹಾಕುತ್ತ ಹೋಗಿ. ಒಬ್ಬರೇ ಹೇಳಿದ್ದನ್ನು ಬಿಡಿ. ಇಪ್ಪತ್ತರಲ್ಲಿ ಆರೇಳು ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದೇ ಮಾತು ಹೇಳಿದ್ದರೆ, ಉದಾಹರಣೆಗೆ ಒಂದು ನಿರ್ದಿಷ್ಟ ಡೆಕ್ಕಿನ ಹಿಂಭಾಗದಲ್ಲಿ ರಾತ್ರಿ ಎಂಜಿನ್ ಸದ್ದು ಕೇಳುತ್ತದೆ ಎಂದಿದ್ದರೆ, ಅದನ್ನು ಯಾವ ಪರಿಣತರು ಬರೆಯದಿದ್ದರೂ ನಂಬಿ. ಪರಿಣತರು ಮಲಗಿದ್ದು ಒಂದೇ ಕ್ಯಾಬಿನ್‌ನಲ್ಲಿ. ಪ್ರಯಾಣಿಕರು ಒಟ್ಟಾಗಿ ಇಡೀ ಹಡಗಿನಲ್ಲಿ ಮಲಗಿದ್ದಾರೆ.

ನಕಲಿ ವಿಮರ್ಶೆಗಳ ಬಗ್ಗೆ ಒಂದು ಮಾತು. ಅವುಗಳನ್ನು ನಿಷೇಧಿಸುವ ಅಮೆರಿಕದ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಅಂಥದೇ ನಿಷೇಧವಿದೆ. ಕಾನೂನು ಬಂದರೂ ಓದುಗರ ಎಚ್ಚರ ಬೇಕು. ಹಡಗಿನ ಹೆಸರು, ತಿಂಗಳು, ಕ್ಯಾಬಿನ್, ಬಂದರು ಯಾವುದೂ ಇಲ್ಲದ ಬರಿಯ ಹೊಗಳಿಕೆ ಅಥವಾ ಬರಿಯ ಬೈಗುಳ ಕಂಡರೆ ಮುಂದಕ್ಕೆ ಹೋಗಿ.

ಹೆಜ್ಜೆ 7: ಈಗ ಅಂತರವನ್ನು ಓದಿ

ಪರಿಣತರ ಅಂಕ ಹೆಚ್ಚು, ಪ್ರಯಾಣಿಕರದು ಕಡಿಮೆ ಎಂದಿದ್ದರೆ ಮೊದಲು ಬೆಲೆಯನ್ನು, ಆಮೇಲೆ ಜನಸಂದಣಿಯನ್ನು ಅನುಮಾನಿಸಿ. ಹಡಗು ಒಳ್ಳೆಯದಿರಬಹುದು, ಆದರೆ ಕೇಳುವ ಹಣಕ್ಕೆ ಅದು ಸಾಲದು ಎಂದು ಹಣ ಕೊಟ್ಟವರಿಗೆ ಅನಿಸಿದೆ. ಅಥವಾ ಹೊಸ ಹಡಗಿನ ಮೊದಲ ತಿಂಗಳುಗಳ ಅವ್ಯವಸ್ಥೆ ಅಲ್ಲಿ ದಾಖಲಾಗಿದೆ. ಎರಡನೆಯದಾದರೆ ಆರು ತಿಂಗಳು ಕಾದು ಮತ್ತೆ ನೋಡುವುದು ಲೇಸು. ಪರಿಣತರದು ಕಡಿಮೆ, ಪ್ರಯಾಣಿಕರದು ಹೆಚ್ಚು ಎಂದಿದ್ದರೆ, ಹಡಗು ಹಳೆಯದಾಗಿದ್ದು ಸಿಬ್ಬಂದಿ ಒಳ್ಳೆಯವರಾಗಿರುವ ಸಂಭವ ಹೆಚ್ಚು. ಹೊಳಪಿಗಿಂತ ಆತ್ಮೀಯತೆ ನಿಮಗೆ ಮುಖ್ಯವಾದರೆ ಇಂಥ ಹಡಗುಗಳನ್ನು ಧೈರ್ಯವಾಗಿ ಆಯ್ದುಕೊಳ್ಳಿ. ಕಡಿಮೆ ಹಣದಲ್ಲಿ ಒಳ್ಳೆಯ ಪ್ರವಾಸ ಸಿಗುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ನಂಬಿಕೆ. ಇಬ್ಬರೂ ಹೆಚ್ಚು ಕೊಟ್ಟಿದ್ದರೆ ಉಳಿಯುವ ಪ್ರಶ್ನೆ ಒಂದೇ, ಆ ಹಡಗಿಗೆ ಹೋಗುವ ಜನರ ಅಭಿರುಚಿಯೂ ನಿಮ್ಮದೂ ಒಂದೇ ಆಗಿದೆಯೇ ಎಂಬುದು. ಇಬ್ಬರೂ ಕಡಿಮೆ ಕೊಟ್ಟಿದ್ದರೆ ದರ ಎಷ್ಟೇ ಇಳಿದರೂ ಬೇಡ.

ಹೆಜ್ಜೆ 8: ಇಬ್ಬರೂ ಅಳೆಯಲಾಗದ್ದಕ್ಕೆ ಬೇರೆಡೆ ನೋಡಿ

ಅಡುಗೆಮನೆಯ ತಂಪುಪೆಟ್ಟಿಗೆಯ ಉಷ್ಣತೆ, ಕುಡಿಯುವ ನೀರಿನ ಕ್ಲೋರಿನ್ ಮಟ್ಟ ಇವು ಪರಿಣತರಿಗೂ ಕಾಣುವುದಿಲ್ಲ, ಪ್ರಯಾಣಿಕರಿಗೂ ಕಾಣುವುದಿಲ್ಲ. ಇದಕ್ಕೆ ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರಗಳ, ಎಂದರೆ ಸಿಡಿಸಿಯ, ಹಡಗು ನೈರ್ಮಲ್ಯ ಕಾರ್ಯಕ್ರಮದ ವರದಿಗಳಿವೆ. ವಿದೇಶಿ ಮಾರ್ಗದಲ್ಲಿ ಸಾಗಿ ಅಮೆರಿಕದ ಬಂದರಿಗೆ ಬರುವ, 13 ಅಥವಾ ಅದಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗುಗಳನ್ನು ಮುನ್ಸೂಚನೆ ಇಲ್ಲದೆ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುವ ವ್ಯವಸ್ಥೆ ಇದು. 86 ಅಥವಾ ಹೆಚ್ಚು ಬಂದರೆ ತೇರ್ಗಡೆ, 85 ಅಥವಾ ಕಡಿಮೆ ಬಂದರೆ ಅನುತ್ತೀರ್ಣ. ಪ್ರಯಾಣಿಕರಲ್ಲಾಗಲಿ ಸಿಬ್ಬಂದಿಯಲ್ಲಾಗಲಿ ಶೇ. 3 ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ವಾಂತಿಭೇದಿ ಕಾಣಿಸಿಕೊಂಡ ಯಾನಗಳ ಪಟ್ಟಿಯನ್ನೂ ಪ್ರಕಟಿಸುತ್ತಾರೆ. ಹಡಗಿನ ಹೆಸರು ಹಾಕಿ ಕಳೆದ ಮೂರು ನಾಲ್ಕು ತಪಾಸಣೆಗಳ ಅಂಕಗಳನ್ನು ಒಟ್ಟಿಗೆ ನೋಡಿ. ಒಂದು ಸಲ ಇಳಿದು ಮತ್ತೆ ಏರಿದ್ದರೆ ಚಿಂತೆಯಿಲ್ಲ, ಪ್ರತಿ ಸಲವೂ ಇಳಿಯುತ್ತ ಬಂದಿದ್ದರೆ ಎಚ್ಚರವಹಿಸಿ.

ಪ್ರವಾಸ ಮುಗಿಸಿ ಬಂದ ಮೇಲೆ ನೀವೂ ಒಂದು ವಿಮರ್ಶೆ ಬರೆಯಿರಿ, ಆದರೆ ಇಳಿದ ದಿನವೇ ಬರೆಯಬೇಡಿ. ಒಂದು ವಾರ ಕಳೆಯಲಿ. ಹಡಗಿನ ಹೆಸರು, ಯಾನದ ತಿಂಗಳು, ಕ್ಯಾಬಿನ್ ಸಂಖ್ಯೆ, ಜೊತೆಗೆ ಮಕ್ಕಳಿದ್ದರೇ, ಇದು ನಿಮ್ಮ ಎಷ್ಟನೆಯ ಕ್ರೂಸ್, ಟಿಕೆಟ್ಟಿನ ಹಣಕ್ಕೆ ಮೇಲೆ ಎಷ್ಟು ಖರ್ಚಾಯಿತು, ಹೋಗುವ ಮುನ್ನ ಏನನ್ನು ನಿರೀಕ್ಷಿಸಿದ್ದಿರಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆದರೆ, ಓದುವವರು ನಿಮ್ಮ ಸ್ಟಾರನ್ನು ತಮ್ಮ ಸ್ಥಿತಿಗೆ ಹೊಂದಿಸಿಕೊಂಡು ನೋಡಬಹುದು.